ದೀರ್ಘಕಾಲದ ಕಾಯಿಲೆಯೊಂದಿಗೆ ಬದುಕುತ್ತ ಅದರ ಬಗ್ಗೆ ಬರೆಯಲು ಹೊರಟಿದ್ದೇನೆ: ಹೇಗೆ ಆರಂಭಿಸಲಿ?

ಪ್ರಶ್ನೆ
ನಾಪೋಕ್ಲು ಕಡೆಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ನಾಪೋಕ್ಲು ಬಳಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ಕೆಲವು ವರ್ಷಗಳಿಂದ ನನಗೆ ರುಮಟಾಯ್ಡ್ ಸಂಧಿವಾತವಿದೆ. ಇದು ವಯಸ್ಸಾದಂತೆ ಮೊಣಕಾಲು ಸವೆದು ಬರುವ ನೋವಲ್ಲ, ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ಎರಗುವ ಕಾಯಿಲೆ ಎಂದು ನೆಂಟರಿಷ್ಟರಿಗೆ ಬಿಡಿಸಿ ಹೇಳುವುದೇ ನನಗೆ ಇನ್ನೊಂದು ಕೆಲಸವಾಗಿಬಿಟ್ಟಿದೆ. ಬೆಳಿಗ್ಗೆ ಎದ್ದಾಗ ಬೆರಳುಗಳು ಗಂಟೆಗೂ ಮೀರಿ ಬಿಗಿದುಕೊಂಡಿರುತ್ತವೆ. ಹಾಲಿನ ಪ್ಯಾಕೆಟ್ ಕತ್ತರಿಸುವುದು, ಸೀರೆಗೆ ಪಿನ್ ಹಾಕಿಕೊಳ್ಳುವುದು, ಮಗಳಿಗೆ ಜಡೆ ಹೆಣೆಯುವುದು, ಎಲ್ಲವೂ ಆ ಬಿಗಿತ ಬಿಡುವವರೆಗೆ ಕಾಯಬೇಕು. ಹೊತ್ತು ಏರಿದಂತೆ ಕೈ ಸಡಿಲವಾಗುತ್ತದೆ, ಶಾಲೆಗೆ ಹೋಗಿ ನಿಂತಾಗ ನೋಡುವವರ ಕಣ್ಣಿಗೆ ನಾನು ಆರೋಗ್ಯವಂತಳಾಗಿಯೇ ಕಾಣುತ್ತೇನೆ. ಹಾಗಾಗಿ ನಮ್ಮ ಕೈಲ್‌ಪೊಳ್ದ್ ಹಬ್ಬದ ದಿನ ನೆಂಟರ ಮನೆಯಲ್ಲಿ ಎಲ್ಲರೂ ಕೂತು ಕಡಂಬುಟ್ಟು ಎಂಬ ಅಕ್ಕಿ ಕಡುಬಿನ ಉಂಡೆ ಕಟ್ಟುವಾಗ ನಾನು ಮಾತ್ರ ಸುಮ್ಮನೆ ಕೂತಿದ್ದರೆ ಅದಕ್ಕೆ ಬೇರೆಯೇ ಅರ್ಥ ಹುಟ್ಟಿಕೊಳ್ಳುತ್ತದೆ.

ಈ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಓದಲು ಹುಡುಕಿದಾಗ ನನಗೆ ಸಿಕ್ಕಿದ್ದರಲ್ಲಿ ಹೆಚ್ಚಿನವು ಲಕ್ಷಣ, ಕಾರಣ, ಚಿಕಿತ್ಸೆ ಎಂದು ಹೇಳಿ ಮುಗಿಸುವ ಆರೋಗ್ಯ ಅಂಕಣಗಳು. ರೋಗಿಯೇ ಬರೆದದ್ದು ಇಂಗ್ಲಿಷಿನಲ್ಲಿ ಬಹಳಷ್ಟಿದೆ, ಅದರಿಂದ ನನಗೆ ಧೈರ್ಯವೂ ಬಂದಿದೆ. ಆದರೆ ಆಷಾಢದ ಮಳೆಯಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಮನೆಯಲ್ಲಿ ಕೈಗೆ ಶಾಖ ಕೊಡುವುದು ಹೇಗೆ, ಮಣಿಕಟ್ಟು ಊದಿಕೊಂಡಿರುವಾಗ ಗಾಳಿಗೆ ಎದುರಾಗಿ ಕೊಡೆ ಹಿಡಿಯುವುದು ಹೇಗೆ, ರೈಲೇ ಇಲ್ಲದ ಜಿಲ್ಲೆಯಿಂದ ಸಂಧಿವಾತ ತಜ್ಞರನ್ನು ಕಾಣಲು ಮೈಸೂರಿಗೋ ಮಂಗಳೂರಿಗೋ ಹೋಗುವ ದಿನ ಬಸ್ಸಿನ ಕಂಬಿಯನ್ನು ಯಾವ ಕೈಯಲ್ಲಿ ಹಿಡಿಯಬೇಕು ಎಂಬುದನ್ನು ಅವರು ಬರೆಯಲಾರರು. ಇವನ್ನೆಲ್ಲ ಕನ್ನಡದಲ್ಲಿ ಬರೆದಿಡಬೇಕು, ನನ್ನಂತಹ ಇನ್ನೊಬ್ಬಳಿಗೆ ಅದು ಸಿಗುವಂತಿರಬೇಕು ಎಂಬ ಆಸೆಯಿಂದ ಒಂದು ಬ್ಲಾಗ್ ತೆರೆಯುವ ಯೋಚನೆಯಲ್ಲಿದ್ದೇನೆ.

ಕೆಲವು ವಿಷಯಗಳಲ್ಲಿ ಮನಸ್ಸು ಹಿಂದೇಟು ಹಾಕುತ್ತಿದೆ. ಸ್ವಂತ ಹೆಸರಿನಲ್ಲಿ ಬರೆಯಬೇಕೇ, ಬೇಡವೇ? ಪ್ರೌಢಶಾಲೆಗೆ ಹೋಗುವ ಮಗಳಿದ್ದಾಳೆ. ಮುಂದೆ ಅವಳ ಮದುವೆಯ ಮಾತು ಬಂದಾಗ ತಾಯಿಯ ಕಾಯಿಲೆಯನ್ನು ಯಾರಾದರೂ ಎತ್ತಿ ಆಡಿದರೆ ಎಂದು ನನ್ನ ಅತ್ತೆಯವರು ಚಿಂತಿಸುತ್ತಿದ್ದಾರೆ, ಅವರ ಚಿಂತೆಯನ್ನು ತಳ್ಳಿಹಾಕುವಂತಿಲ್ಲ. ಔಷಧಗಳ ಬಗ್ಗೆ ಎಷ್ಟರಮಟ್ಟಿಗೆ ಬರೆಯಬಹುದು? ಬೆರಳುಗಳೇ ನೋಯುವಾಗ ಬರೆಯುವುದಾದರೂ ಹೇಗೆ, ತಿಂಗಳುಗಟ್ಟಲೆ ಬರೆಯಲಾಗದೆ ಹೋದರೆ ಆರಂಭಿಸಿದ್ದಕ್ಕೆ ಅರ್ಥವಿದೆಯೇ? ಅನುಭವವಿರುವವರು ದಯವಿಟ್ಟು ತಿಳಿಸಿ.


ಉತ್ತರ 1
ವಿರಾಜಪೇಟೆಯ ಓದುಗಿ

ನಾಪೋಕ್ಲಿನ ತಂಗಿಗೆ ನಮಸ್ಕಾರ. ನನಗೆ ಲೂಪಸ್ ಇದೆ, ಅದೂ ರೋಗನಿರೋಧಕ ವ್ಯವಸ್ಥೆಯೇ ದೇಹದ ಮೇಲೆ ಎರಗುವ ಕಾಯಿಲೆ, ಅದರ ಬಗ್ಗೆ ಬಹಳ ಕಾಲದಿಂದ ಬರೆಯುತ್ತ ಬಂದಿದ್ದೇನೆ. ನೀವು ಬರೆಯಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬಸ್ಸಿನ ಕಂಬಿಯ ಬಗ್ಗೆ ಮೇಲೆ ನೀವು ಬರೆದ ಆ ಒಂದು ಸಾಲನ್ನು ನನ್ನ ಕಾಯಿಲೆಯ ಆರಂಭದ ದಿನಗಳಲ್ಲಿ ಯಾರಾದರೂ ಬರೆದಿದ್ದರೆ, ಇಂತಹ ಕಷ್ಟ ನನ್ನೊಬ್ಬಳದೇ ಅಲ್ಲ ಎಂದು ನನಗೆ ಆಗಲೇ ತಿಳಿಯುತ್ತಿತ್ತು.

ಮೊದಲು ಹೆಸರಿನ ವಿಚಾರ. ಕೊಡಗಿನಲ್ಲಿ ಹೆಸರನ್ನು ಮುಚ್ಚಿಟ್ಟ ಮಾತ್ರಕ್ಕೆ ಗುರುತು ಮುಚ್ಚಿಹೋಗುವುದಿಲ್ಲ. ನಮ್ಮಲ್ಲಿ ಮನೆಹೆಸರು ಹೇಳಿದರೆ ಸಾಕು. ಯಾವ ಊರು, ಯಾವ ಕುಟುಂಬ, ಯಾರ ಸೊಸೆ ಎಂಬುದೆಲ್ಲ ಎದುರಿಗಿರುವವರಿಗೆ ತಾನಾಗಿ ತಿಳಿಯುತ್ತದೆ. ಮನೆಹೆಸರು ಬಿಟ್ಟರೂ ಊರಿನ ಹೆಸರು, ಶಾಲೆ, ಕಲಿಸುವ ತರಗತಿ, ತೋಟದ ಪಕ್ಕದ ದೇವಸ್ಥಾನ ಇವುಗಳಲ್ಲಿ ಯಾವ ಎರಡು ಸೇರಿದರೂ ನೀವು ಯಾರೆಂದು ಗೊತ್ತಾಗಿಬಿಡುತ್ತದೆ. ಈ ಪ್ರಶ್ನೆಯಲ್ಲಿಯೇ ನೀವು ಸಾಕಷ್ಟು ಹೇಳಿದ್ದೀರಿ. ಆದ್ದರಿಂದ ಅಂಕಿತನಾಮ ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಿ, ಆದರೆ ಒಂದಲ್ಲ ಒಂದು ದಿನ ಪರಿಚಯದವರು ಓದುತ್ತಾರೆ ಎಂದು ಎಣಿಸಿಯೇ ಪ್ರತಿಯೊಂದು ವಾಕ್ಯವನ್ನೂ ಬರೆಯಿರಿ. ಹಾಗೆ ಓದಿದವರು ಎದುರಿಗೆ ಸಿಕ್ಕು ಆ ಮಾತನ್ನೆತ್ತಿದಾಗ ತಲೆ ಎತ್ತಿ ಉತ್ತರಿಸಬಲ್ಲಿರಾದರೆ ಆ ವಾಕ್ಯ ಇರಲಿ, ಇಲ್ಲವಾದರೆ ಅದು ನಿಮ್ಮ ದಿನಚರಿಯಲ್ಲಿಯೇ ಉಳಿಯಲಿ.

ಮಗಳ ವಿಷಯದಲ್ಲಿ ನಿಮ್ಮ ಅತ್ತೆಯವರ ಚಿಂತೆ ನನಗೆ ಅರ್ಥವಾಗುತ್ತದೆ. ಆದರೆ ಬರೆಯದೆ ಇದ್ದರೂ ಈ ಮಾತು ನಿಲ್ಲುವುದಿಲ್ಲ. ನೀವು ತಿಂಗಳು ತಿಂಗಳು ಮೈಸೂರಿನ ಬಸ್ಸು ಹತ್ತುವುದನ್ನು ಊರು ನೋಡಿಯೇ ಇರುತ್ತದೆ. ಸರಿಯಾದ ಮಾಹಿತಿ ಇಲ್ಲದ ಕಡೆ ಊಹೆಗಳು ತುಂಬಿಕೊಳ್ಳುತ್ತವೆ. ರುಮಟಾಯ್ಡ್ ಸಂಧಿವಾತ ಅಂಟುಜಾಡ್ಯವಲ್ಲ. ಕುಟುಂಬದಲ್ಲಿ ಒಬ್ಬರಿಗಿದ್ದರೆ ಉಳಿದವರಿಗೆ ಬರುವ ಸಂಭವ ಸ್ವಲ್ಪ ಹೆಚ್ಚಾದರೂ ತಾಯಿಗಿದ್ದರೆ ಮಗಳಿಗೆ ಬಂದೇ ತೀರುತ್ತದೆ ಎಂಬುದು ಸುಳ್ಳು. ಇಂತಹ ಮಾತು ಕನ್ನಡದಲ್ಲಿ, ನಮ್ಮವರೇ ಒಬ್ಬರ ಬಾಯಿಂದ ಬಂದಾಗ ಜನ ನಂಬುತ್ತಾರೆ. ಹಾಗೆಂದು ಮಗಳ ಬಗ್ಗೆ ಬರೆಯುವ ಹಕ್ಕು ನಿಮಗಿದೆ ಎಂದು ನಾನು ಹೇಳಲಾರೆ. ಜಡೆ ಹೆಣೆಯಲಾಗದ ಬೆಳಗಿನ ಬಗ್ಗೆ ಬರೆಯುವಾಗ ನಿಮ್ಮ ಬೆರಳುಗಳ ಬಗ್ಗೆ ಬರೆಯಿರಿ, ಅವಳ ಮುಖದಲ್ಲಿ ಕಂಡದ್ದನ್ನು ಅವಳಿಗೆ ಓದಿ ಹೇಳಿ, ಅವಳು ಒಪ್ಪಿದರೆ ಮಾತ್ರ ಬರೆಯಿರಿ. ಆ ವಯಸ್ಸಿನ ಮಕ್ಕಳಿಗೆ ತಮ್ಮ ಸಹಪಾಠಿಗಳು ಏನು ಓದುತ್ತಾರೆ ಎಂಬುದು ಬಹಳ ದೊಡ್ಡ ಸಂಗತಿ.

ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಾಗದು. ಆರಂಭದಲ್ಲಿ ಎಲ್ಲರೂ ಕಾಯಿಲೆಯ ಪೂರ್ತಿ ಕಥೆಯನ್ನು ಮೊದಲ ಬರಹದಲ್ಲಿಯೇ ಹೇಳಿಬಿಡಲು ಹೊರಡುತ್ತಾರೆ: ಮೊದಲ ನೋವು, ಅಲೆದ ವೈದ್ಯರು, ರಕ್ತ ಪರೀಕ್ಷೆ, ಕೊನೆಗೆ ಸಿಕ್ಕ ಕಾಯಿಲೆಯ ಹೆಸರು. ಅದನ್ನು ಬರೆದು ಮುಗಿಸುವಷ್ಟರಲ್ಲಿ ಮೈಮನಸ್ಸುಗಳೆರಡೂ ಸೋತಿರುತ್ತವೆ, ಎರಡನೆಯ ಬರಹ ಹುಟ್ಟುವುದೇ ಇಲ್ಲ. ನೀವು ಕೊಡೆಯಿಂದ ಆರಂಭಿಸಿ. ಹಗುರವಾದ ಕೊಡೆ ಯಾವುದು, ಹಿಡಿಕೆಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಹಿಡಿತಕ್ಕೆ ಎಷ್ಟು ಅನುಕೂಲ, ಮಳೆಕೋಟು ತೊಟ್ಟರೆ ಎರಡೂ ಕೈ ಬಿಡುವಾಗುತ್ತದಲ್ಲ, ಆದರೆ ಅದರ ಗುಂಡಿಗಳನ್ನು ಬೆಳಿಗ್ಗೆ ಹಾಕಿಕೊಳ್ಳುವುದು ಹೇಗೆ, ಇಷ್ಟನ್ನೇ ಒಂದು ಪುಟ ಬರೆಯಿರಿ. ಓದುವ ರೋಗಿಗೆ ಅಷ್ಟರಲ್ಲಿಯೇ ನಿಮ್ಮ ಕಾಯಿಲೆಯ ಪೂರ್ತಿ ಅಂದಾಜು ಸಿಕ್ಕಿರುತ್ತದೆ.


ಉತ್ತರ 2
ಕುಶಾಲನಗರದ ಔಷಧ ವ್ಯಾಪಾರಿ

ಮೇಡಂ, ಔಷಧಗಳ ಬಗ್ಗೆ ನೀವು ಕೇಳಿದ ಪ್ರಶ್ನೆಗೆ ಅಂಗಡಿಯಲ್ಲಿ ದಿನವೂ ಕಾಣುವ ಅನುಭವದಿಂದ ಉತ್ತರಿಸುತ್ತೇನೆ. ಔಷಧದ ಹೆಸರು ಬರೆಯುವುದರಲ್ಲಿ ತಪ್ಪಿಲ್ಲ, ಪ್ರಮಾಣವನ್ನು ಮಾತ್ರ ದಯವಿಟ್ಟು ಬರೆಯಬೇಡಿ. ನಿಮ್ಮ ಕಾಯಿಲೆಗೆ ಸಾಮಾನ್ಯವಾಗಿ ಮೊದಲು ಕೊಡುವ ಮೆಥೋಟ್ರೆಕ್ಸೇಟ್ ಇದಕ್ಕೆ ಒಳ್ಳೆಯ ಉದಾಹರಣೆ. ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಅದನ್ನು ದಿನದ ಮಾತ್ರೆಯೆಂದು ತಿಳಿದು ನಿತ್ಯವೂ ನುಂಗಿ ರಕ್ತಕಣಗಳು ಕುಸಿದು ಪ್ರಾಣ ಕಳೆದುಕೊಂಡ ಪ್ರಕರಣಗಳು ಅನೇಕ ದೇಶಗಳಲ್ಲಿ ನಡೆದಿವೆ. ಜೊತೆಗೆ ಫೋಲಿಕ್ ಆಮ್ಲ ಬೇಕು, ಯಕೃತ್ತು ಮತ್ತು ರಕ್ತಕಣಗಳ ಪರೀಕ್ಷೆ ಕಾಲಕಾಲಕ್ಕೆ ಆಗಬೇಕು, ಗರ್ಭಿಣಿಯರು ಇದನ್ನು ತೆಗೆದುಕೊಳ್ಳಲೇಬಾರದು. ಈ ನಾಲ್ಕು ಸಂಗತಿಗಳು ನಿಮ್ಮ ವೈದ್ಯರು ನಿಮಗೆ ಹೇಳಿರುವಂಥವೇ. ನಿಮ್ಮ ಬರಹದಲ್ಲಿ ಮೆಥೋಟ್ರೆಕ್ಸೇಟ್ ಎಂಬ ಹೆಸರು ಬಂದ ಕಡೆಯಲ್ಲೆಲ್ಲ ವಾರಕ್ಕೊಮ್ಮೆ ಎಂಬ ಮಾತು ಅದರ ಪಕ್ಕದಲ್ಲಿಯೇ ಇರಲಿ. ಅದೇ ರೀತಿ ಸ್ಟೀರಾಯ್ಡ್ ಮಾತ್ರೆಯನ್ನು ನಿಲ್ಲಿಸಿದಾಗ ಹಗುರವಾಯಿತು ಎಂದು ಬರೆಯುವ ಸಂದರ್ಭ ಬಂದರೆ, ಅದನ್ನು ವೈದ್ಯರು ಹಂತಹಂತವಾಗಿ ಇಳಿಸಿದರು, ಒಮ್ಮೆಲೇ ನಿಲ್ಲಿಸಲಿಲ್ಲ ಎಂಬುದನ್ನು ಸೇರಿಸಿ. ಅಂಥದೊಂದು ವಾಕ್ಯವನ್ನು ನಂಬಿ ತನ್ನ ಮಾತ್ರೆಯನ್ನು ಬಿಟ್ಟುಬಿಡುವ ಓದುಗ ಯಾವುದೋ ಊರಿನಲ್ಲಿ ಖಂಡಿತ ಇರುತ್ತಾನೆ.

ನೀವು ಬರೆಯಲು ಆರಂಭಿಸಿದ ಕೆಲವೇ ದಿನಗಳಲ್ಲಿ ಗಂಟುನೋವನ್ನು ಬೇರುಸಹಿತ ಕಿತ್ತೊಗೆಯುವುದಾಗಿ ಹೇಳುವ ಪುಡಿ, ಎಣ್ಣೆ, ಕಷಾಯಗಳ ಮಾರಾಟಗಾರರು ನಿಮ್ಮ ಬರಹದ ಕೆಳಗೆ ತಮ್ಮ ಫೋನ್ ಸಂಖ್ಯೆ ಹಾಕಲು ಬರುತ್ತಾರೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯು ಕೆಲವು ಕಾಯಿಲೆಗಳನ್ನು ಪಟ್ಟಿ ಮಾಡಿ, ಅವುಗಳನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಮಾಡುವುದನ್ನು ನಿಷೇಧಿಸಿದೆ. ಆ ಪಟ್ಟಿಯಲ್ಲಿ ಸಂಧಿವಾತವೂ ಇದೆ. ಲೇಬಲ್ ಇಲ್ಲದ ಇಂತಹ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಪರೀಕ್ಷೆಗಳಲ್ಲಿ ಪತ್ತೆಯಾಗಿರುವುದುಂಟು, ತಿಂದ ಕೆಲವೇ ದಿನಗಳಲ್ಲಿ ನೋವು ಮಾಯವಾದಂತೆ ತೋರುವುದು ಅದರಿಂದಲೇ. ಅಂತಹ ಪ್ರತಿಕ್ರಿಯೆಗಳನ್ನು ಸಂಕೋಚವಿಲ್ಲದೆ ಅಳಿಸಿಹಾಕಿ. ಮಳೆಗಾಲದ ನಡುವೆ ಬರುವ ಕೊಡಗಿನ ಕಕ್ಕಡ ತಿಂಗಳಿನ ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸ ಮಾಡುವುದು ಬೇರೆ ಮಾತು. ಅದು ನಮ್ಮ ನಾಡಿನ ಪದ್ಧತಿ. ಪ್ರೀತಿಯಿಂದ ಕೊಟ್ಟದ್ದನ್ನು ತಿನ್ನಿ, ಅದರ ಬಗ್ಗೆ ಬರೆಯಿರಿ, ಆದರೆ ಆ ವಾರದ ಮಾತ್ರೆಯನ್ನು ಅದು ತುಂಬಿಕೊಡುತ್ತದೆ ಎಂಬ ಅರ್ಥ ಬಾರದಂತೆ ಬರೆಯಿರಿ.

ಬರೆಯುವುದರಿಂದ ಕಾಯಿಲೆಗೇ ಏನಾದರೂ ಪ್ರಯೋಜನವಿದೆಯೇ ಎಂಬುದನ್ನು ನೀವು ಕೇಳಿಲ್ಲ, ಆದರೂ ಹೇಳಬೇಕೆನಿಸುತ್ತದೆ. 1999ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವು ಉಬ್ಬಸ ಅಥವಾ ರುಮಟಾಯ್ಡ್ ಸಂಧಿವಾತವಿದ್ದ ಜನರನ್ನೇ ತೆಗೆದುಕೊಂಡಿತ್ತು. ಒಂದು ಗುಂಪಿನವರು ದಿನಕ್ಕೆ 20 ನಿಮಿಷದಂತೆ ಸತತ 3 ದಿನ ತಮ್ಮ ಬದುಕಿನ ಅತ್ಯಂತ ನೋವಿನ ಅನುಭವವನ್ನು ಬರೆದರು, ಇನ್ನೊಂದು ಗುಂಪಿನವರು ಭಾವನೆಯ ಸೋಂಕಿಲ್ಲದ ವಿಷಯದ ಬಗ್ಗೆ ಬರೆದರು. 4 ತಿಂಗಳ ಬಳಿಕ ಪರೀಕ್ಷಿಸಿದಾಗ ಗಮನಾರ್ಹ ಸುಧಾರಣೆ ಕಂಡವರು ಮೊದಲ ಗುಂಪಿನಲ್ಲಿ ಸುಮಾರು ಅರ್ಧದಷ್ಟಿದ್ದರೆ ಎರಡನೆಯದರಲ್ಲಿ ಕಾಲುಭಾಗದಷ್ಟಿದ್ದರು. ಆಮೇಲೆ ಬೇರೆಯವರು ಮಾಡಿದ ಅಧ್ಯಯನಗಳಲ್ಲಿ ಫಲ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ, ಹಾಗಾಗಿ ಇದನ್ನು ಚಿಕಿತ್ಸೆಯೆಂದು ಯಾರೂ ತಿಳಿಯಬಾರದು. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಅವರು ಬರೆದದ್ದು ಪ್ರಕಟಣೆಗಾಗಿ ಅಲ್ಲ, ಅದಕ್ಕೆ ಮೆಚ್ಚುಗೆ ಬರಲಿಲ್ಲ, ಆಕ್ಷೇಪವೂ ಬರಲಿಲ್ಲ. ಆದ್ದರಿಂದ ನೀವು ಎರಡು ಬಗೆಯಲ್ಲಿ ಬರೆಯಬೇಕಾಗುತ್ತದೆ: ಯಾರಿಗೂ ತೋರಿಸದ ಒಂದು ಪುಸ್ತಕ, ಅದರಿಂದ ಆಯ್ದು ತಿದ್ದಿ ಹೊರಗಿಡುವ ಬರಹ ಇನ್ನೊಂದು.


ಉತ್ತರ 3
ಸೋಮವಾರಪೇಟೆ ತಾಲ್ಲೂಕಿನ ಯುವಕ

ಅಕ್ಕ, ನನಗೆ ಮೂತ್ರಪಿಂಡಗಳ ವೈಫಲ್ಯವಿದ್ದು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದೇನೆ. ಸುಮಾರು ನಾಲ್ಕು ಗಂಟೆ ಹಾಸಿಗೆಯ ಮೇಲೆ ಮಲಗಿರಬೇಕು, ಸೂಜಿ ಚುಚ್ಚಿದ ಕೈಯನ್ನು ಅಲುಗಿಸುವಂತಿಲ್ಲ. ನಾನು ಬರೆಯುವುದು ಆ ಹೊತ್ತಿನಲ್ಲಿಯೇ, ಇನ್ನೊಂದು ಕೈಯ ಹೆಬ್ಬೆರಳಿನಿಂದ, ಹೆಚ್ಚಿನ ಭಾಗ ಬಾಯಿಯಿಂದ. ಮೊಬೈಲಿನ ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡವನ್ನು ಆರಿಸಿಕೊಂಡು ಮೈಕ್ ಗುರುತನ್ನು ಒತ್ತಿ ಮಾತನಾಡಿದರೆ ಅಕ್ಷರಗಳು ಮೂಡುತ್ತವೆ. ಪುಸ್ತಕದ ಕನ್ನಡದಲ್ಲಿ ನಿಧಾನವಾಗಿ ಹೇಳಿದರೆ ಚೆನ್ನಾಗಿ ಹಿಡಿಯುತ್ತದೆ, ಮನೆಮಾತಿನ ವೇಗಕ್ಕೆ ಹೋದರೆ ತಪ್ಪುತ್ತದೆ, ನಮ್ಮ ಊರುಗಳ ಹೆಸರುಗಳಂತೂ ಗುರುತೇ ಸಿಗದಂತೆ ಬದಲಾಗುತ್ತವೆ. ಪೂರ್ಣವಿರಾಮ, ಅಲ್ಪವಿರಾಮಗಳನ್ನು ಆಮೇಲೆ ಕೈಯಿಂದಲೇ ಹಾಕಬೇಕು. ನಿಮ್ಮ ಬೆರಳುಗಳಿಗೆ ಬೆಳಗಿನ ಹೊತ್ತು ಆಗದ ಕೆಲಸವಾದ್ದರಿಂದ ಬೆಳಿಗ್ಗೆ ಹೇಳಿಟ್ಟುಕೊಳ್ಳಿ, ಸಂಜೆ ತಿದ್ದಿ.

ಮಳೆಗಾಲದಲ್ಲಿ ನೆಟ್‌ವರ್ಕ್ ಇಲ್ಲದ ದಿನಗಳಿಗೆ ಮೊಬೈಲಿನ ಧ್ವನಿಮುದ್ರಣವೇ ಸಾಕು. ಜೋರು ಮಳೆಯ ಸದ್ದಿನಲ್ಲಿ ಹಂಚಿನ ಮನೆಯೊಳಗೆ ಮಾತು ಸರಿಯಾಗಿ ದಾಖಲಾಗುವುದಿಲ್ಲ, ಫೋನನ್ನು ಬಾಯಿಯ ಹತ್ತಿರ ಹಿಡಿದು ಹೊದಿಕೆಯೊಳಗೆ ಮಾತನಾಡಿದರೆ ಪರವಾಗಿಲ್ಲ.

ಬರೆಯಲಾಗದ ತಿಂಗಳುಗಳ ಬಗ್ಗೆ ಕೇಳಿದ್ದೀರಿ. ಪ್ರತಿ ವಾರ ಬರೆಯುತ್ತೇನೆ ಎಂದು ಓದುಗರಿಗೆ ಮಾತು ಕೊಡಬೇಡಿ. ಮೈ ಹಗುರವಾಗಿರುವ ದಿನಗಳಲ್ಲಿ ಎರಡು ಮೂರು ಬರಹಗಳನ್ನು ಮುಗಿಸಿ ಇಟ್ಟುಕೊಳ್ಳಿ, ಬತ್ತವನ್ನು ಪತ್ತಾಯದಲ್ಲಿ ತುಂಬಿಟ್ಟಂತೆ ಅದು ಕಷ್ಟದ ದಿನಗಳಿಗೆ ಆಗುತ್ತದೆ. ಆದರೆ ಹಗುರವಾದ ದಿನಗಳಲ್ಲಿ ಮಾತ್ರ ಬರೆದರೆ ಕಾಯಿಲೆಯ ಚಿತ್ರ ಸುಳ್ಳಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಕೆಟ್ಟ ದಿನ ಒಂದೇ ಸಾಲು ಸಾಕು: ಇಂದು ಬಾಗಿಲ ಚಿಲಕ ತೆಗೆಯಲಾಗಲಿಲ್ಲ, ಮಳೆ ಇತ್ತು. ದಿನಾಂಕ ಹಾಕಿ ಬಿಡಿ. ಹವಾಮಾನಕ್ಕೂ ಕೀಲುನೋವಿಗೂ ಇರುವ ನಂಟಿನ ಬಗ್ಗೆ ನಡೆದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲವಂತೆ. ಹಾಗಿರುವಾಗ ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಊರಿನಲ್ಲಿ ಒಬ್ಬರು ಪ್ರಾಮಾಣಿಕವಾಗಿ ಬರೆದಿಟ್ಟ ಇಂತಹ ಸಾಲುಗಳನ್ನು ಮುಂದಿನ ಭೇಟಿಯಲ್ಲಿ ನಿಮ್ಮ ವೈದ್ಯರೂ ಆಸಕ್ತಿಯಿಂದ ನೋಡಬಹುದು.


ಉತ್ತರ 4
ಪೊನ್ನಂಪೇಟೆಯಿಂದ

ಕಾಯಿಲೆ ಇರುವುದು ನನ್ನ ಪತ್ನಿಗೆ, ನಾನು ಜೊತೆಗಿರುವವನು. ಮೇಲಿನವರೆಲ್ಲ ಬರೆಯಿರಿ ಎಂದು ಹೇಳಿದ್ದಾರೆ, ನನಗೂ ಅದಕ್ಕೆ ಒಪ್ಪಿಗೆಯಿದೆ. ಆದರೆ ಬರೆದ ದಿನವೇ ಪ್ರಕಟಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ನೋವು ಹೆಚ್ಚಾಗಿರುವ ರಾತ್ರಿ ಮನೆಯವರ ಮೇಲೆ ಬರುವ ಕೋಪ ಸಹಜವಾದದ್ದು, ಅದರಲ್ಲಿ ನ್ಯಾಯವೂ ಇರುತ್ತದೆ. ಆದರೂ ಅದನ್ನು ಊರಿನ ಮುಂದಿಟ್ಟ ಮೇಲೆ ಮನೆಯೊಳಗೆ ಮಾತನಾಡಿ ಸರಿಮಾಡಿಕೊಳ್ಳುವ ದಾರಿ ಕಿರಿದಾಗುತ್ತದೆ. ಎರಡು ಮೂರು ದಿನ ಬಿಟ್ಟು ಓದಿ, ಆಗಲೂ ಅದು ನಿಜವೆನಿಸಿದರೆ ಮನೆಯವರಿಗೆ ಮೊದಲು ತೋರಿಸಿ. ನಿಮ್ಮ ಅತ್ತೆಯವರಿಗೂ ತೋರಿಸಿ. ಮೈಸೂರಿಗೆ ಹೋಗುವ ದಿನ ಮನೆಯಲ್ಲಿ ಒಲೆ ಹಚ್ಚುವವರು ಬಹುಶಃ ಅವರೇ. ಅವರ ಪಾಲಿನ ದಣಿವೂ ನಿಮ್ಮ ಬರಹದಲ್ಲಿ ಎಲ್ಲಿಯಾದರೂ ಬಂದರೆ ಅವರ ಆತಂಕ ಕಡಿಮೆಯಾದೀತು.

ರಕ್ತ ಪರೀಕ್ಷೆಯ ವರದಿ, ವೈದ್ಯರ ಚೀಟಿ ಇವುಗಳ ಚಿತ್ರಗಳನ್ನು ಹಾಕಬೇಡಿ. ಅವುಗಳಲ್ಲಿ ಹೆಸರು, ವಯಸ್ಸು, ಆಸ್ಪತ್ರೆಯ ನೋಂದಣಿ ಸಂಖ್ಯೆ, ಕೆಲವೊಮ್ಮೆ ಫೋನ್ ಸಂಖ್ಯೆಯೂ ಇರುತ್ತವೆ.


ಪ್ರಶ್ನೆ ಕೇಳಿದವರ ಮರುಮಾತು
ನಾಪೋಕ್ಲು ಕಡೆಯ ಶಿಕ್ಷಕಿ

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಈ ಉತ್ತರಗಳನ್ನು ಮಗಳು ಜೋರಾಗಿ ಓದಿದಳು, ಅತ್ತೆಯವರೂ ಕೂತು ಕೇಳಿಸಿಕೊಂಡರು. ತನ್ನ ಬಗ್ಗೆ ಏನು ಬರೆದರೂ ಮೊದಲು ತನಗೆ ತೋರಿಸಬೇಕು ಎಂಬುದು ಮಗಳ ಷರತ್ತು. ಅತ್ತೆಯವರು ಮನೆಹೆಸರು ಮಾತ್ರ ಬೇಡ ಎಂದರು, ಉಳಿದದ್ದಕ್ಕೆ ಬೇಡವೆನ್ನಲಿಲ್ಲ. ಅಂಕಿತನಾಮದಲ್ಲಿ ಬರೆಯುತ್ತೇನೆ, ಯಾರಾದರೂ ಗುರುತಿಸಿ ಕೇಳಿದರೆ ಹೌದು, ನಾನೇ ಎಂದು ಹೇಳುತ್ತೇನೆ.

ಇನ್ನೊಂದು ಸಂಶಯ ಉಳಿದಿದೆ. ಓದಿದವರಲ್ಲಿ ಯಾರಾದರೂ ತಮ್ಮ ಬೆರಳುಗಳ ಚಿತ್ರ ಕಳುಹಿಸಿ ನನಗೂ ಇದೇ ಕಾಯಿಲೆಯೇ ಎಂದು ಕೇಳಿದರೆ ಏನೆಂದು ಉತ್ತರಿಸಬೇಕು? ಶಿಕ್ಷಕಿಯಾದ್ದರಿಂದ ಊರಿನಲ್ಲಿ ಈಗಲೇ ಕೆಲವರು ಕೇಳುತ್ತಾರೆ.


ಉತ್ತರ 5
ಕುಶಾಲನಗರದ ಔಷಧ ವ್ಯಾಪಾರಿ

ಹೌದು ಎಂದೂ ಹೇಳಬೇಡಿ, ಅಲ್ಲ ಎಂದೂ ಹೇಳಬೇಡಿ ಮೇಡಂ. ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಇರುತ್ತದೆಯೇ, ಬೆರಳಿನ ಬುಡದ ಗಂಟುಗಳು ಅಥವಾ ಮಣಿಕಟ್ಟು ಊದಿಕೊಂಡಿವೆಯೇ, ಇದು ಆರು ವಾರಗಳಿಂದ ಹೀಗೆಯೇ ಇದೆಯೇ ಎಂದು ಕೇಳಿ. ಹೌದೆಂದರೆ ತಡಮಾಡದೆ ವೈದ್ಯರನ್ನು ಕಾಣುವಂತೆ ತಿಳಿಸಿ. ಈ ಕಾಯಿಲೆಯಲ್ಲಿ ಚಿಕಿತ್ಸೆ ಬೇಗ ಆರಂಭವಾದಷ್ಟೂ ಕೀಲು ವಿರೂಪಗೊಳ್ಳುವುದನ್ನು ತಡೆಯುವ ಅವಕಾಶ ಹೆಚ್ಚು. ದೂರದ ಪ್ರಯಾಣ ಕಷ್ಟವಾದವರು ಮೊದಲ ತಪಾಸಣೆಯನ್ನು ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮಾಡಿಸಿಕೊಂಡು, ಅಲ್ಲಿನ ವೈದ್ಯರು ಸೂಚಿಸಿದರೆ ಮಾತ್ರ ಮುಂದಕ್ಕೆ ಹೋಗಬಹುದು. ಇಷ್ಟನ್ನು ಒಮ್ಮೆ ಬರೆದಿಟ್ಟುಕೊಂಡರೆ, ಕೇಳಿದವರಿಗೆಲ್ಲ ಅದನ್ನೇ ಕಳುಹಿಸಬಹುದು, ಪ್ರತಿ ಸಲವೂ ಹೊಸದಾಗಿ ಬರೆದು ಬೆರಳುಗಳನ್ನು ದಣಿಸಬೇಕಾಗಿಲ್ಲ.